ಗಾರೆ ಗೋಡೆಯ ಮಾರ್ಕೆಟ್

ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಮೈಸೂರಿನ ದೇವರಾಜ ಮಾರ್ಕೆಟ್‌ಗೆ ಹೋಗಿ ಬರದಿದ್ದರೆ ನನಗೆ ಹಬ್ಬ ಅನ್ನಿಸುವುದೇ ಇಲ್ಲ. ಹೂವು, ಹಣ್ಣು ಎಲ್ಲ ಮನೆ ಹತ್ತಿರವೇ ಸಿಗುತ್ತವೆ. ಆದರೂ ಎರಡು ಬಸ್ ಹತ್ತಿ ಇಳಿದು ಹೋಗುತ್ತೇನೆ. ಈ ಸಲವೂ ಹೋದೆ. ಬೆಳಗ್ಗೆ ಆರೂವರೆ ಗಂಟೆ, ಸಣ್ಣಗೆ ಮಳೆ. ಚಿಕ್ಕ ಗಡಿಯಾರದ ಹತ್ತಿರ ಬರುವಷ್ಟರಲ್ಲೇ ಮಲ್ಲಿಗೆಯ ಘಮ ಮೂಗಿಗೆ ಬಡಿಯಿತು.

ಹೂವಿನ ಸಾಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ನಾನು ಚಿಕ್ಕವಳಿದ್ದಾಗ ಅಜ್ಜಿ ಒಂದು ಮಾತು ಹೇಳಿಕೊಟ್ಟಿದ್ದರು. "ಹೂವು ನೋಡಬೇಡ, ಮೊದಲು ಕೈ ನೋಡು." ಮೊಳ ಅಂದರೆ ಮೊಣಕೈಯಿಂದ ಬೆರಳ ತುದಿವರೆಗೆ ಅಲ್ವಾ? ಮಾರುವವರ ಕೈ ಉದ್ದವಿದ್ದರೆ ನಮಗೆ ನಾಲ್ಕು ಮೊಗ್ಗು ಜಾಸ್ತಿ. ನಾನು ಇಪ್ಪತ್ತು ವರ್ಷದಿಂದ ಒಬ್ಬರೇ ಅಕ್ಕನ ಹತ್ತಿರ ಹೂವು ತಗೊಳ್ಳುತ್ತೇನೆ. ಅವರ ಕೈ ಉದ್ದವೇನಲ್ಲ. ಅಳೆಯುವಾಗ ಕೊನೆಯಲ್ಲಿ ಬೆರಳನ್ನು ಒಂದಿಷ್ಟು ಮುಂದೆ ಜಾರಿಸುತ್ತಾರೆ, ಆಮೇಲೆ ದಾರ ಕತ್ತರಿಸುತ್ತಾರೆ. "ಹಬ್ಬ ಕಣವ್ವಾ, ಮುಡ್ಕೋ" ಅಂತ ಒಂದು ತುಂಡು ಬೇರೆ ಕೈಗಿಡುತ್ತಾರೆ. ಅವರ ತಾಯಿಯೂ ಅದೇ ಜಾಗದಲ್ಲಿ ಕೂತು ಹೂವು ಮಾರುತ್ತಿದ್ದವರು.

ಇಲ್ಲಿ ಮೊದಲು ಸಂತೆ ಸೇರುತ್ತಿತ್ತು. ಮಾರ್ಕೆಟ್‌ಗೆ ಹೆಸರು ಬಂದಿದ್ದು ದೊಡ್ಡ ದೇವರಾಜ ಒಡೆಯರ್ ಅವರಿಂದ. ಚಾಮುಂಡಿ ಬೆಟ್ಟದ ಮೆಟ್ಟಿಲು ಅಂದರೆ ನೆನಪಾಗುವ ಅದೇ 17ನೇ ಶತಮಾನದ ಅರಸರು. ಈಗ ಕಾಣುವ ಕಟ್ಟಡ ಎದ್ದಿದ್ದು 1886ರ ಹೊತ್ತಿಗೆ, ಹತ್ತನೇ ಚಾಮರಾಜ ಒಡೆಯರ್ ಕಾಲದಲ್ಲಿ. ವೈಸರಾಯ್ ಡಫರಿನ್ ಹೆಸರಿನ ಗಡಿಯಾರದ ಕಂಬವೂ ಅದೇ ಕಾಲದ್ದು. ಊರಿನವರಿಗೆ ಅದು ಬರೀ ಚಿಕ್ಕ ಗಡಿಯಾರ. ಒಂದು ಕಡೆ ಸಯ್ಯಾಜಿರಾವ್ ರಸ್ತೆ, ಇನ್ನೊಂದು ಕಡೆ ಧನ್ವಂತ್ರಿ ರಸ್ತೆ. ನಡುವೆ ಮೂರೂವರೆ ಎಕರೆಗೂ ಜಾಸ್ತಿ ಜಾಗ, ಸುಮಾರು 800 ಅಂಗಡಿ. ಹೊರಗಿನಿಂದ ನೋಡಿದರೆ ಅಷ್ಟು ದೊಡ್ಡದು ಅಂತ ಗೊತ್ತೇ ಆಗುವುದಿಲ್ಲ.

ನಮ್ಮಪ್ಪ ಗಾರೆ ಕೆಲಸದವರು. ಈಗ 84 ವರ್ಷ. ಮಾರ್ಕೆಟ್‌ಗೆ ನನ್ನನ್ನು ಕರೆದುಕೊಂಡು ಹೋದಾಗಲೆಲ್ಲ ಅವರು ಅಂಗಡಿಗಿಂತ ಗೋಡೆಯನ್ನೇ ಜಾಸ್ತಿ ನೋಡುತ್ತಿದ್ದರು. ಬಾಳೆಹಣ್ಣಿನ ಸಾಲಿನ ಹತ್ತಿರ ಒಂದು ಕಮಾನಿದೆ. ಅಲ್ಲಿ ಗಿಲಾವು ಉದುರಿ ಇಟ್ಟಿಗೆ ಕಾಣುತ್ತದೆ. ಒಮ್ಮೆ ಅಪ್ಪ ನನ್ನ ಬೆರಳು ಹಿಡಿದು ಎರಡು ಇಟ್ಟಿಗೆ ನಡುವಿನ ಸಂದಿಗೆ ಒತ್ತಿಸಿದರು. "ಇದು ಸುಣ್ಣದ ಗಾರೆ. ಮಳೆಗಾಲದಲ್ಲಿ ನೀರು ಕುಡೀತದೆ, ಬಿಸಿಲಲ್ಲಿ ಬಿಟ್ಟುಬಿಡ್ತದೆ. ಗೋಡೆ ಉಸಿರಾಡ್ತದೆ ಮಗಾ." ಆಮೇಲೆ ಪಕ್ಕದ ತೇಪೆ ತೋರಿಸಿದರು. ಯಾವಾಗಲೋ ಯಾರೋ ಸಿಮೆಂಟ್ ಮೆತ್ತಿದ್ದರು. ಸಿಮೆಂಟ್ ಗಟ್ಟಿಯಾಗಿಯೇ ಇತ್ತು, ಆದರೆ ಅದರ ಹಿಂದೆ ನೀರು ನಿಂತು ಸುತ್ತಲಿನ ಹಳೇ ಇಟ್ಟಿಗೆ ಪುಡಿಪುಡಿಯಾಗಿತ್ತು. ಗಾರೆಗೆ ಗಾರೆಯೇ ಆಗಬೇಕು ಅನ್ನುತ್ತಿದ್ದರು ಅಪ್ಪ. ಸುಣ್ಣ, ಮರಳು ಅರೆದು, ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಹಾಕುತ್ತಿದ್ದ ಕಾಲ ಅದು. ದಿನಗಟ್ಟಲೆ ಕೊಳೆಯಬೇಕು, ಅರೆಯಬೇಕು. ಸುಮ್ನೆ ಕಲಸಿ ಮೆತ್ತುವ ಕೆಲಸ ಅಲ್ಲ.

2012ರಲ್ಲಿ ರಸ್ತೆಯಾಚೆಯ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ಕು ಜನ ಸತ್ತರು. 2016ರ ಆಗಸ್ಟ್‌ನಲ್ಲಿ ನಮ್ಮ ಮಾರ್ಕೆಟ್‌ನ ಉತ್ತರದ ಬಾಗಿಲಿನ ಕಡೆಯೂ ಬಿತ್ತು. ಅದೂ ರಿಪೇರಿ ನಡೆಯುತ್ತಿದ್ದಾಗಲೇ. ಟಿವಿಯಲ್ಲಿ ಆ ಇಟ್ಟಿಗೆ ರಾಶಿ ನೋಡಿ ಅಪ್ಪ ಅವತ್ತು ರಾತ್ರಿ ಊಟ ಮಾಡಲಿಲ್ಲ.

ಆಮೇಲಿನದು ನಿಮಗೂ ಗೊತ್ತಿರುತ್ತದೆ. ಕೆಡವಿ ಅದೇ ಮಾದರಿಯಲ್ಲಿ ಹೊಸದು ಕಟ್ಟಬೇಕು ಅಂತ ತಜ್ಞರ ಸಮಿತಿ ಹೇಳಿತು. ಉಳಿಸಿಕೊಳ್ಳಬಹುದು ಅಂತ ಹಳೇ ಕಟ್ಟಡಗಳನ್ನು ಕಾಪಾಡುವ ಸಂಸ್ಥೆಯಾದ ಇಂಟ್ಯಾಕ್‌ನವರು ಹೇಳಿದರು. ವಿಷಯ ಕೋರ್ಟ್ ಮೆಟ್ಟಿಲು ಹತ್ತಿತು.

ನನ್ನ ಮನಸ್ಸು ಯಾವ ಕಡೆ ಅಂತ ಹೇಳಿಯೇಬಿಡುತ್ತೇನೆ. ಕೆಡವಬಾರದು. ಜನರ ಜೀವ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಅಪಾಯವಿರುವ ಕಡೆ ಊರುಗೋಲು ಕೊಡಲಿ, ಅಂಗಡಿ ಸರಿಸಲಿ, ಒಂದೊಂದೇ ಸಾಲು ಬಿಚ್ಚಿ ಗಾರೆಯಲ್ಲೇ ಕಟ್ಟಲಿ. ಆದರೆ ಎಲ್ಲರನ್ನೂ ಒಟ್ಟಿಗೆ ಎಬ್ಬಿಸಿದರೆ ಆ ಹೂವಿನ ಅಕ್ಕ ಎಲ್ಲಿಗೆ ಹೋಗಬೇಕು? ಹೊಸ ಕಟ್ಟಡ ಏಳುವಷ್ಟರಲ್ಲಿ ಎಷ್ಟು ವರ್ಷವಾಗುತ್ತದೋ. ನೆಲದ ಮೇಲೆ ಬುಟ್ಟಿ ಇಟ್ಟುಕೊಂಡು ಕೂರುವವರ ಹತ್ತಿರ ಜಾಗದ ಕಾಗದ ಪತ್ರ ಏನಿರುತ್ತದೆ? ಮಾರ್ಕೆಟ್ ಬೆಂಕಿ ಅನಾಹುತವನ್ನೂ ಕಂಡಿದೆ. ಆಗ ಮತ್ತೆ ಎದ್ದು ನಿಂತಿದ್ದು ಮರುದಿನವೇ ಬಂದು ಬುಟ್ಟಿ ಇಳಿಸುವ ಇಂಥವರಿಂದ.

ಹೂವು ಕೊಂಡು ಬಾಳೆಹಣ್ಣಿಗೆ ಹೋದೆ. ನಂಜನಗೂಡು ರಸಬಾಳೆ ಕೇಳಿದೆ. ಸೊರಗು ರೋಗ ಬಂದ ಮೇಲೆ ಅದು ಅಪರೂಪ. ಸಿಗಲಿಲ್ಲ, ಏಲಕ್ಕಿ ಬಾಳೆ ಎರಡು ಚಿಪ್ಪು ತಗೊಂಡೆ. ಕುಂಕುಮದವರ ತಟ್ಟೆಗಳಲ್ಲಿ ಕೆಂಪು, ಹಳದಿ, ನೇರಳೆ ಗೋಪುರಗಳು. ಮಳೆ ಹನಿ ಬೀಳದ ಹಾಗೆ ಹುಡುಗನೊಬ್ಬ ಮೇಲೆ ಟಾರ್ಪಾಲು ಎಳೆದು ಕಟ್ಟುತ್ತಿದ್ದ.

ಕೊನೆಗೆ ಎಲೆ. ವೀಳ್ಯದೆಲೆ ಮಾರುವ ತಾತ ತೇವದ ಬಟ್ಟೆ ಸರಿಸಿ, ಹೆಬ್ಬೆರಳಿನಲ್ಲಿ ತೊಟ್ಟು ತಳ್ಳುತ್ತಾ ಎಣಿಸಿದರು. ಒಂದು ಎಲೆಯನ್ನೂ ಅವರು ಕಣ್ಣಿಟ್ಟು ನೋಡಲಿಲ್ಲ. ತೂತಿರುವ ಎಲೆ ಬೆರಳಿಗೇ ಗೊತ್ತಾಗಿ ಪಕ್ಕಕ್ಕೆ ಬಿತ್ತು. ಅಪ್ಪನಿಗೆ ಅಂತ ಹೇಳಿದ್ದಕ್ಕೆ ಎಳೇ ಚಿಗುರೆಲೆ ಬೇರೆ ಕಟ್ಟಿಕೊಟ್ಟರು.

ಬರುವಾಗ ಆ ಕಮಾನಿನ ಹತ್ತಿರ ನಿಂತು ಗಾರೆ ಮುಟ್ಟಿ ನೋಡಿದೆ.

ಮನೆಯಲ್ಲಿ ಅಪ್ಪ ಜಗಲಿ ಮೇಲೆ ಕಾಯುತ್ತಿದ್ದರು. ಎಲೆ ಕಟ್ಟು ಬಿಚ್ಚುತ್ತಾ ಕೇಳಿದರು.

"ಗೋಡೆ ಹೆಂಗಿದೆ?"

"ಒದ್ದೆ ಇದೆ ಅಪ್ಪಾ."

"ಆಷಾಢದಿಂದ ಹೊಯ್ತಾನೇ ಇದೆ ಮಳೆ. ದಸರಾ ಹೊತ್ತಿಗೆ ಒಣಗ್ತದೆ ಬಿಡು," ಅಂದರು. ಎಲೆಯ ಬೆನ್ನಿಗೆ ಬೆರಳಲ್ಲಿ ಸುಣ್ಣ ಸವರಿದರು.