ಬಾಯಿಗೆ ಬಂದ ಪದ ಮಾತ್ರ ಎಣಿಸ್ಬೇಡಿ

ವರ್ಷ ತುಂಬಿದ ಮಗು ಇರೋ ಮನೆಗೆ ಯಾರೇ ಬರ್ಲಿ, ಮೊದಲು ಕೇಳೋದು "ಮಾತು ಬಂತಾ?" ಅಂತ. ಮಗು ಅರ್ಥ ಮಾಡ್ಕೊಂಡಿರೋದನ್ನ ಯಾರೂ ಕೇಳಲ್ಲ, ಅದೇ ಎಷ್ಟೋ ಮುಂದಿರುತ್ತೆ. 6ರಿಂದ 9 ತಿಂಗಳ ಕೂಸುಗಳ ಮುಂದೆ ಎರಡು ಚಿತ್ರ ಇಟ್ಟು ಒಂದರ ಹೆಸರು ಹೇಳಿದ್ರೆ ಆ ಕಡೆ ಸ್ವಲ್ಪ ಜಾಸ್ತಿ ನೋಡ್ತವೆ ಅಂತ 2012ರ ಒಂದು ಅಧ್ಯಯನದಲ್ಲಿ ಗೊತ್ತಾಯ್ತು, ಬಾಯಲ್ಲಿನ್ನೂ ಬಬಬ ದದದ ಅಷ್ಟೇ ಇರೋ ವಯಸ್ಸು ಅದು! ಮೊದಲ ಪದ ವರ್ಷದ ಆಸುಪಾಸು, ಒಂದೂವರೆ ವರ್ಷಕ್ಕೆ ಸುಮಾರು 50, ಎರಡರ ಹೊತ್ತಿಗೆ ಎರಡೆರಡು ಪದ ಜೋಡ್ಸೋದು, ಇದು ಸರಾಸರಿ ಲೆಕ್ಕ ಅಷ್ಟೆ, ಪಕ್ಕದ ಮನೆ ಮಗು ಜೊತೆ ಹೋಲಿಸ್ಕೊಂಡು ಕೂತ್ರೆ ತಲೆನೋವೇ ಗತಿ.

ನಂಗೆ ಮಾತ್ರ ಇದಕ್ಕೂ ಹಿಂದಿನ ಹಂತಾನೇ ಆಶ್ಚರ್ಯ. ನಾವು ಮಾತಾಡುವಾಗ ಪದಗಳ ಮಧ್ಯೆ ಗ್ಯಾಪ್ ಎಲ್ಲಿ ಬಿಡ್ತೀವಿ? ಎಲ್ಲಾ ಒಂದೇ ಉಸಿರಲ್ಲಿ ಹೋಗುತ್ತೆ, ಒಂದು ಪದ ಎಲ್ಲಿ ಮುಗೀತು ಅಂತ ಮಗುಗೆ ಹೇಗೆ ಗೊತ್ತಾಗ್ಬೇಕು? 1996ರಲ್ಲಿ ಜೆನ್ನಿ ಸಾಫ್ರನ್ ಅನ್ನೋ ಸಂಶೋಧಕಿ ಮತ್ತು ಜೊತೆಗಾರರು 8 ತಿಂಗಳ ಮಕ್ಕಳಿಗೆ ಅರ್ಥವೇ ಇಲ್ಲದ ಉಚ್ಚಾರಗಳನ್ನ ಬಿಡುವಿಲ್ಲದೆ ಬರೀ 2 ನಿಮಿಷ ಕೇಳ್ಸಿದ್ರು, ಯಾವ ಸದ್ದಿನ ಹಿಂದೆ ಯಾವ ಸದ್ದು ಪದೇ ಪದೇ ಬರುತ್ತೆ ಅನ್ನೋದ್ರ ಮೇಲೇ ಮಕ್ಕಳು "ಪದ"ಗಳನ್ನ ಬಿಡಿಸ್ಕೊಂಡಿದ್ವು.

ಆಮೇಲೆ ಬರೋದು ನಗು ತರ್ಸೋ ಹಂತ. ನಾಯಿಗೂ ಬೌಬೌ, ಹಸುಗೂ ಬೌಬೌ, ಬೆಕ್ಕಿಗೂ ಅದೇ. ಎಷ್ಟೋ ಸಲ ಗೊಂದಲ ಏನೂ ಇರಲ್ಲ, "ಹಸು ಎಲ್ಲಿ?" ಅಂದ್ರೆ ಸರಿಯಾದ ಚಿತ್ರಕ್ಕೇ ಬೆರಳಿಡುತ್ತೆ, ಹೇಳೋಕೆ ಬೇರೆ ಪದ ಇನ್ನೂ ಬಾಯಿಗೆ ಸಿಕ್ಕಿಲ್ಲ ಅಷ್ಟೇ, ಇರೋದ್ರಲ್ಲೇ ಅಡ್ಜಸ್ಟ್ ಮಾಡುತ್ತೆ. ಆಗ "ಅಲ್ಲ ಅಲ್ಲ ತಪ್ಪು" ಅನ್ನೋ ಬದಲು "ಹೂಂ, ಹಸು, ಎಷ್ಟು ದೊಡ್ಡದು ನೋಡು" ಅಂದ್ರೆ ಸಾಕು ಅಂತ ನನ್ನ ಅಭಿಪ್ರಾಯ.

ಫ್ಲಾಶ್ ಕಾರ್ಡ್ ಹಿಡ್ಕೊಂಡು "ಇದೇನು? ಇದೇನು?" ಅಂತ ಪರೀಕ್ಷೆ ಮಾಡೋರನ್ನ ನೋಡಿದ್ರೆ ನಂಗೆ ಕಸಿವಿಸಿ. ಮಗು ನೋಡ್ತಿರೋದು ಫ್ಯಾನ್, ನಾವು ತೋರ್ಸೋದು ಆನೆ. ಅದರ ಕಣ್ಣು ಈಗ ಎಲ್ಲಿದ್ಯೋ ಅದರ ಹೆಸರು ಹೇಳಿದ್ರೆ ಪದ ಬೇಗ ಹತ್ತುತ್ತೆ, ಎಳ್ಕೊಂಡು ಬಂದು ಬೇರೇದು ತೋರ್ಸಿದ್ರೆ ಅಷ್ಟು ಹತ್ತಲ್ಲ, ಇದನ್ನೂ ಸಂಶೋಧಕರು ಪರೀಕ್ಷೆ ಮಾಡಿ ನೋಡಿದಾರೆ. ಮೊಬೈಲ್ ವೀಡಿಯೋ ನಂಬ್ಕೊಂಡೋರಿಗೆ ಇನ್ನೊಂದು: 2003ರಲ್ಲಿ ಪೆಟ್ರೀಷಿಯಾ ಕೂಲ್ ಅನ್ನೋ ಸಂಶೋಧಕಿಯ ತಂಡ ಅಮೆರಿಕದ 9 ತಿಂಗಳ ಮಕ್ಕಳಿಗೆ ಚೀನಾದ ಮ್ಯಾಂಡರಿನ್ ಭಾಷೆ ಕೇಳ್ಸಿತ್ತು. ಎದುರಿಗೆ ಕೂತು ಆಡ್ಸಿದವರಿಂದ ಮಕ್ಕಳು ಆ ಭಾಷೆಯ ಸದ್ದುಗಳ ವ್ಯತ್ಯಾಸ ಕಲಿತ್ವು, ಅದನ್ನೇ ಸ್ಕ್ರೀನ್‌ನಲ್ಲಿ ನೋಡಿದವು ಕಲೀಲಿಲ್ಲ.

ಮನೇಲಿ ಎರಡು ಭಾಷೆ ಇದ್ರೆ ಎರಡರ ಪದಗಳನ್ನೂ ಸೇರ್ಸಿ ನೋಡಿ, ಒಂದನ್ನೇ ನೋಡಿ "ಮಗು ಹಿಂದೆ ಬಿದ್ದಿದೆ" ಅನ್ಬೇಡಿ. ಆದ್ರೆ ಕರೆದ್ರೆ ತಿರುಗ್ತಿಲ್ಲ, ಬೇಕಾದ್ದನ್ನ ಬೆರಳು ಮಾಡಿ ತೋರಿಸ್ತಿಲ್ಲ, ಹೇಳಿದ್ದು ಅರ್ಥ ಆಗ್ತಿಲ್ಲ ಅನ್ಸಿದ್ರೆ ಮಾತ್ರ "ಗಂಡು ಮಕ್ಕಳು ಲೇಟು" ಅಂತ ಕಾಯ್ಬೇಡಿ, ಮೊದಲು ಮಕ್ಕಳ ಡಾಕ್ಟರಿಗೆ ತೋರ್ಸಿ ಕಿವಿ ಟೆಸ್ಟ್ ಮಾಡ್ಸಿ.