ಗೆಳೆಯರ ಜೊತೆ ಕಾಮಿಕ್ ಕಾನ್‌ಗೆ ಹೊರಟಿದ್ದೀರಾ?

ಕಾಮಿಕ್ಸ್ ಪ್ರಿಯರ ಜಾತ್ರೆಯಾದ ಕಾಮಿಕ್ ಕಾನ್‌ಗೆ ಹೋಗುವ ಮನಸ್ಸಿದ್ದರೆ ಶನಿವಾರ, ಭಾನುವಾರ ಎರಡಕ್ಕೂ ಬ್ಯಾಡ್ಜ್, ಅಂದರೆ ಪ್ರವೇಶದ ಪಾಸ್, ತೆಗೆದುಕೊಳ್ಳಿ. ಒಂದೇ ದಿನ ಹೋದರೆ ಜನಜಂಗುಳಿ ನೋಡುವುದರಲ್ಲೇ ಹೊತ್ತು ಕಳೆದುಹೋಗುತ್ತದೆ. ನಾವು ಗೆಳೆಯರೆಲ್ಲ ಸೇರಿ ಮೊದಲ ದಿನ ನೋಡುವುದಕ್ಕೆ, ಎರಡನೇ ದಿನ ಕೊಳ್ಳುವುದಕ್ಕೆ ಅಂತ ಇಟ್ಟುಕೊಂಡೆವು. ಅದರಿಂದ ತುಂಬಾ ಅನುಕೂಲವಾಯಿತು. ಒಂದು ಕೆಲಸ ಮಾತ್ರ ಮೊದಲ ದಿನ ಬೆಳಿಗ್ಗೆಯೇ ಆಗಬೇಕು, ಅದು ಚಿತ್ರಕಾರರ ಹತ್ತಿರ ಸ್ಕೆಚ್‌ಗೆ ಹೇಳಿಡುವುದು.

ಬಾಗಿಲು ತೆಗೆದ ಕೂಡಲೇ ಜನ ದೊಡ್ಡ ವೇದಿಕೆಯ ಕಡೆ ಓಡುತ್ತಾರೆ. ನೀವು ನೇರ ಆರ್ಟಿಸ್ಟ್ ಆಲಿಗೆ ಹೋಗಿ. ಚಿತ್ರಕಾರರು ಒಂದೊಂದು ಮೇಜು ಹಾಕಿಕೊಂಡು ಕೂತಿರುವ ಸಾಲು ಅದು. ಕಾನ್‌ನ ಜೀವ ಇರುವುದೇ ಅಲ್ಲಿ ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ಅಮೆರಿಕದ ಸ್ಯಾನ್ ಡಿಯಾಗೋದ ಕಾಮಿಕ್ ಕಾನ್ 1970ರಲ್ಲಿ ಶುರುವಾದಾಗ ಅದು ಕೆಲವೇ ನೂರು ಜನ ಸೇರಿದ್ದ ಸಣ್ಣ ಕೂಟ. ಟೋಕಿಯೋದ ಕಾಮಿಕ್ಸ್ ಸಂತೆ ಕಾಮಿಕೆಟ್‌ನಲ್ಲಂತೂ 1975ರಿಂದ ಇವತ್ತಿನವರೆಗೂ ತಾವೇ ಬರೆದು, ಅಚ್ಚು ಹಾಕಿಸಿ, ಮೇಜಿನ ಮೇಲಿಟ್ಟು ಮಾರುವವರೇ ಮುಖ್ಯ. ಸಿನಿಮಾ ಟ್ರೇಲರ್ ಮನೆಯಲ್ಲೂ ನೋಡಬಹುದು. ಕಣ್ಣೆದುರೇ ಒಂದು ಚಿತ್ರ ಮೂಡುವುದನ್ನು ನೋಡಲು ಇಲ್ಲಿಗೇ ಬರಬೇಕು.

ನಮ್ಮ ಗೆಳತಿಯೊಬ್ಬಳು ಖಾಲಿ ಮುಖಪುಟದ ಸಂಚಿಕೆ ತಂದಿದ್ದಳು. ಚಿತ್ರ ಬರೆಸಿಕೊಳ್ಳಲಿ ಅಂತಲೇ ಪ್ರಕಾಶಕರು ಹೀಗೆ ಮುಖಪುಟ ಬಿಳಿ ಬಿಟ್ಟು ಕೆಲವು ಪ್ರತಿ ತರುತ್ತಾರೆ. ಚಿತ್ರಕಾರರು ಮೊದಲು ತಿಳಿ ನೀಲಿ ಪೆನ್ಸಿಲ್‌ನಲ್ಲಿ ಒಂದು ಮೊಟ್ಟೆಯಾಕಾರ ಹಾಕಿದರು, ಅದರ ಮೇಲೆ ಓರೆಯಾಗಿ ಒಂದು ಗೆರೆ. ಆಮೇಲೆ ಅಂಗೈ ಕೆಳಗೆ ಒಂದು ಚೂರು ಕಾಗದ ಇಟ್ಟುಕೊಂಡು ಬ್ರಷ್ ಪೆನ್ ಹಿಡಿದರು. ದವಡೆಯ ಗೆರೆ ಎಳೆಯಲು ಪುಸ್ತಕವನ್ನೇ ತಲೆಕೆಳಗಾಗಿ ತಿರುಗಿಸಿಕೊಂಡರು! ನಾವು ಉಸಿರು ಬಿಗಿಹಿಡಿದು ನಿಂತಿದ್ದೆವು. ಕೂದಲು ಒಂದೇ ಎಳೆತದಲ್ಲಿ ಬಂತು.

ನಿಮಗೂ ಸ್ಕೆಚ್ ಬೇಕಿದ್ದರೆ ಪಾತ್ರದ ಚಿತ್ರವನ್ನು ಫೋನ್‌ನಲ್ಲಿ ಮೊದಲೇ ಇಳಿಸಿಟ್ಟುಕೊಳ್ಳಿ. ಅಷ್ಟು ಜನರ ಮಧ್ಯೆ ನೆಟ್‌ವರ್ಕ್ ನಂಬಬೇಡಿ. ಮುಖ ಮಾತ್ರವೋ, ಸೊಂಟದವರೆಗೋ, ಪೂರ್ತಿ ಆಳೋ, ಬಣ್ಣ ಬೇಕೋ ಬೇಡವೋ, ಯಾವಾಗ ಬಂದು ತೆಗೆದುಕೊಳ್ಳಬೇಕು, ಎಲ್ಲ ಆಗಲೇ ಮಾತಾಡಿಕೊಳ್ಳಿ. ಪ್ರಿಂಟ್ ಮಡಚದಂತೆ ತರಲು ಒಂದು ಗಟ್ಟಿ ಫೈಲ್ ಬೇಕು. ಕೊಳ್ಳದಿದ್ದರೂ ನಿಂತು ಮಾತಾಡಿಸಿ, ಆದರೆ ಹಿಂದೆ ಕಾಯುವವರಿದ್ದರೆ ಪಕ್ಕಕ್ಕೆ ಸರಿಯಿರಿ.

ಹಳೇ ಸಂಚಿಕೆಗಳ ಡಬ್ಬಗಳ ಮುಂದೆ ಅವಸರ ಮಾಡಬೇಡಿ. ಬೇಕಾದ ಸಂಚಿಕೆಗಳ ನಂಬರ್ ಬರೆದುಕೊಂಡು ಹೋಗಿ, ಇಲ್ಲದಿದ್ದರೆ ಇರುವುದನ್ನೇ ಮತ್ತೆ ಕೊಳ್ಳುವ ಸಾಧ್ಯತೆ ಜಾಸ್ತಿ. ಕವರ್‌ನಿಂದ ಹೊರಗೆ ತೆಗೆಯುವ ಮುಂಚೆ ಅಂಗಡಿಯವರನ್ನು ಕೇಳಿ. ಮೊದಲು ಸಂಚಿಕೆಯ ಬೆನ್ನು, ಅಂದರೆ ಮಡಿಕೆಯ ಅಂಚು ನೋಡಿ, ಅಲ್ಲಿ ಸಣ್ಣ ಬಿಳಿ ಗೆರೆಗಳಿದ್ದರೆ ಪುಸ್ತಕ ಬಗ್ಗಿದೆ ಅಂತ ಅರ್ಥ. ಪಿನ್‌ಗೆ ತುಕ್ಕು ಹಿಡಿದಿದೆಯಾ, ನಡುವಿನ ಹಾಳೆ ಪಿನ್‌ನಿಂದ ಕಿತ್ತು ಬಂದಿದೆಯಾ, ಯಾರಾದರೂ ಕೂಪನ್ ಕತ್ತರಿಸಿಕೊಂಡಿದ್ದಾರಾ ಅಂತ ನೋಡಿ. ಹಾಳೆ ಹಳದಿಯಾಗಿದ್ದರೆ ಗಾಬರಿ ಬೇಡ. ಹಳೇ ಕಾಮಿಕ್ಸ್ ಅಗ್ಗದ ನ್ಯೂಸ್‌ಪ್ರಿಂಟ್ ಮೇಲೆ ಅಚ್ಚಾದವು. ಆ ಕಾಗದದಲ್ಲಿರುವ ಲಿಗ್ನಿನ್ ಎಂಬ ಮರದ ಅಂಶ ಬೆಳಕು, ಗಾಳಿ ತಾಗಿ ಬಣ್ಣ ತಿರುಗುತ್ತದೆ. ಮುಟ್ಟಿದರೆ ಪುಡಿಯಾಗುವಂತಿದ್ದರೆ ಮಾತ್ರ ಬಿಟ್ಟುಬಿಡಿ. ಕೊಂಡದ್ದನ್ನು ಆಮ್ಲವಿಲ್ಲದ ರಟ್ಟಿನ ಜೊತೆ ಕವರ್‌ಗೆ ಹಾಕಿ ನೆಟ್ಟಗೆ ನಿಲ್ಲಿಸಿಡಿ.

ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಸೀಲ್ ಮಾಡಿ, ಹತ್ತಕ್ಕೆ ಇಷ್ಟು ಅಂತ ಅಂಕ ಹಾಕಿರುವ ಪ್ರತಿಗಳೂ ಕಾಣುತ್ತವೆ. ಓದುವ ಆಸೆಯಿರುವವರಿಗೆ ಅವು ಬೇಡ. ಪುಸ್ತಕ ಬಿಚ್ಚಿ ಓದಬೇಕು, ಅಲ್ವಾ?

ಗೆಳೆಯರೆಲ್ಲ ಇಡೀ ದಿನ ಒಟ್ಟಿಗೇ ಸುತ್ತಬೇಕು ಅಂತ ಹಟ ಹಿಡಿಯಬೇಡಿ. ಒಬ್ಬರಿಗೆ ಮಾಂಗಾ (ಜಪಾನಿ ಕಾಮಿಕ್ಸ್), ಇನ್ನೊಬ್ಬರಿಗೆ ಬೊಂಬೆ, ಮತ್ತೊಬ್ಬರಿಗೆ ಸಹಿ ಹಾಕಿಸುವ ಕ್ಯೂ. ಎಲ್ಲರೂ ಸೇರುವ ಒಂದು ಜಾಗ, ಒಂದು ಹೊತ್ತು ಗೊತ್ತುಮಾಡಿ, ಉಳಿದಂತೆ ಬಿಡಿ. ಕಾನ್‌ಗೆ ಹೋಗಿ ಪಳಗಿದವರು 6-2-1 ಅಂತ ಒಂದು ಲೆಕ್ಕ ಹೇಳುತ್ತಾರೆ. ದಿನಕ್ಕೆ ಕನಿಷ್ಠ 6 ಗಂಟೆ ನಿದ್ದೆ, 2 ಊಟ, 1 ಸ್ನಾನ. ಸುಮ್ನೆ ಹೇಳುವ ಮಾತಲ್ಲ, ಭಾನುವಾರ ಮಧ್ಯಾಹ್ನ ಕಾಲು ಎಳೆಯುವಾಗ ಅದರ ಬೆಲೆ ತಿಳಿಯುತ್ತದೆ.

ಕಾಸ್‌ಪ್ಲೇ ಮಾಡುವ, ಅಂದರೆ ಇಷ್ಟದ ಪಾತ್ರದ ವೇಷ ಹಾಕುವ ಗೆಳೆಯರಿದ್ದರೆ ಸೂಪರ್ ಗ್ಲೂ, ಸೇಫ್ಟಿ ಪಿನ್, ಎರಡು ಬದಿ ಅಂಟುವ ಟೇಪ್ ಇಟ್ಟುಕೊಳ್ಳಿ. ಫೋಮ್‌ನ ಕವಚ ಎಷ್ಟೇ ಚೆನ್ನಾಗಿ ಮಾಡಿದ್ದರೂ ಭುಜದ ಹತ್ತಿರ ಬಿಡುತ್ತದೆ. ಕತ್ತಿ, ಬಂದೂಕಿನ ಮಾದರಿಗಳನ್ನು ಗೇಟಿನಲ್ಲಿ ಪರೀಕ್ಷಿಸುತ್ತಾರೆ, ನಿಯಮ ಮೊದಲೇ ಓದಿಕೊಳ್ಳಿ. ಬೇರೆಯವರ ಫೋಟೋ ತೆಗೆಯುವ ಮುಂಚೆ ಕೇಳಲೇಬೇಕು. ಅವರ ಉಡುಪನ್ನು ಕೇಳದೆ ಮುಟ್ಟಬೇಡಿ.

ಶನಿವಾರ ರಾತ್ರಿಯನ್ನು ಆಟಕ್ಕೆ ಇಡಿ. ನಾವು ರೂಮಿನಲ್ಲಿ ನೆಲದ ಮೇಲೇ ಕೂತು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡಿದೆವು. ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಹಾಕುತ್ತಾ ಕಥೆ ಕಟ್ಟುವ ಈ ಆಟ 1974ರಲ್ಲಿ ಬಂದದ್ದು, ಇವತ್ತಿಗೂ ಅದರ ಮಜವೇ ಬೇರೆ. ಒಂದೇ ರಾತ್ರಿಯಲ್ಲಿ ಮುಗಿಯುವ ಕಥೆ ಆರಿಸಿಕೊಳ್ಳಿ. ಪಾತ್ರಗಳನ್ನು ಮೊದಲೇ ಬರೆದಿಟ್ಟಿರಿ, ಇಲ್ಲದಿದ್ದರೆ ಅದಕ್ಕೇ ಎರಡು ಗಂಟೆ ಹಿಡಿಯುತ್ತದೆ. ಹೊಸಬರಿಗೆ ಪೂರ್ತಿ ನಿಯಮ ಹೇಳುತ್ತಾ ಕೂರಬೇಡಿ. 20 ಮುಖದ ದಾಳ ಕೈಗೆ ಕೊಟ್ಟು, ಏನು ಮಾಡಬೇಕು ಅಂತಿದ್ದೀಯಾ ಅಂತ ಕೇಳಿದರೆ ಸಾಕು, ಆಟ ತಾನಾಗಿಯೇ ಹತ್ತುತ್ತದೆ. ಬೆಳಿಗ್ಗೆ ಸಹಿಯ ಕ್ಯೂನಲ್ಲಿ ಪರಿಚಯವಾದವರೂ ನಮ್ಮ ಜೊತೆ ಬಂದು ಕೂತರು. ಹಾಗಾಗಿ ಒಂದೆರಡು ಪಾತ್ರ, ಒಂದು ಸೆಟ್ ದಾಳ ಹೆಚ್ಚಿಗೇ ತನ್ನಿ.