ಬುದ್ಧನ ದಾರಿ ಹಿಡಿದವರು ವಾದ ಮಾಡಬಹುದಾ?

"ಅಲ್ರೀ ಸರ, ನೀವು ಬುದ್ಧ, ತಾವೋ ಅಂತ ಓದೋ ಮಂದಿ. ಕುಂತ್ರ ಸಾಕು, ವಾದ ಶುರು. ಸಹನೆ ಸಹನೆ ಅಂತೀರಲ್ಲ, ಅದು ಎಲ್ಲಿ ಹೋತು?"

ಕೊಪ್ಪಳದಲ್ಲಿ ನಾವು ಕೆಲವರು ವಾರಕ್ಕೊಮ್ಮೆ ಸೇರಿ ಓದುತ್ತೇವೆ. ಹೊಸದಾಗಿ ಬಂದವರು ಹೆಚ್ಚುಕಡಿಮೆ ಎಲ್ಲರೂ ಈ ಪ್ರಶ್ನೆ ಕೇಳುತ್ತಾರೆ. ಕೇಳುವುದು ಸಹಜ. ಒಂದೇ ಚಾಪೆಯ ಮೇಲೆ ಅಂಬೇಡ್ಕರ್ ದಾರಿಯಲ್ಲಿ ಬೌದ್ಧರಾದವರು ಇರುತ್ತಾರೆ, ಹತ್ತು ದಿನದ ವಿಪಶ್ಯನ ಧ್ಯಾನ ಶಿಬಿರ ಮುಗಿಸಿ ಬಂದವರು ಇರುತ್ತಾರೆ, ಜಪಾನಿನ ಝೆನ್ ಬೌದ್ಧ ಪಂಥ ಅಂದರೆ ಜೀವ ಬಿಡುವವರು ಇರುತ್ತಾರೆ, ಬುದ್ಧನಿಗಿಂತ ನನಗೆ ಚೀನಾದ ತಾವೋ ಪಂಥದ ಗುರು ಲಾವೋತ್ಸೆಯೇ ಹತ್ತಿರ ಅನ್ನುವ ಬ್ಯಾಂಕ್ ನೌಕರರೊಬ್ಬರೂ ಇದ್ದಾರೆ. ಪುನರ್ಜನ್ಮ ಇದೆಯಾ ಇಲ್ಲವಾ ಅನ್ನೋ ಮಾತು ಎದ್ದರೆ ಮುಗಿಯಿತು. ಅವತ್ತು ಓದಬೇಕಾದ ಪುಟ ಹಾಗೇ ಉಳಿಯುತ್ತದೆ, ಚಹಾ ಆರಿ ಹೋಗುತ್ತದೆ.

ನನ್ನ ಉತ್ತರ ಇದು. ವಾದ ಮಾಡಬಹುದು. ಜೋರಾಗಿಯೇ ಮಾಡಬಹುದು. ಆದರೆ ವಾದದ ಸಿಟ್ಟಿಗೆ ಎದುರಿನವರ ಅನ್ನ ನಿಲ್ಲಿಸಬಾರದು. ಇದನ್ನು ನಾನು ಉಪಾಲಿಯ ಕಥೆಯಿಂದ ಕಲಿತೆ.

ಉಪಾಲಿ ಸಾಹುಕಾರ, ಮಹಾವೀರನ ಶಿಷ್ಯ. ಪಾಪದಲ್ಲಿ ಯಾವುದು ದೊಡ್ಡದು, ದೇಹದಿಂದ ಮಾಡಿದ್ದಾ, ಮನಸ್ಸಿನಲ್ಲಿ ಮಾಡಿದ್ದಾ ಅಂತ ಬುದ್ಧನ ಜೊತೆ ವಾದಕ್ಕೆ ಹೋಗುತ್ತಾನೆ. ಸೋಲಿಸಿಯೇ ಬರುತ್ತೇನೆ ಅಂತ ಹೇಳಿ ಹೋಗಿದ್ದವನು ಬುದ್ಧನ ಮಾತಿಗೆ ಒಪ್ಪಿಬಿಡುತ್ತಾನೆ. ಇವತ್ತಿನಿಂದ ನಾನು ನಿಮ್ಮ ಶಿಷ್ಯ ಅನ್ನುತ್ತಾನೆ. ಆಗ ಬುದ್ಧ ಎರಡು ಮಾತು ಹೇಳುತ್ತಾನೆ. ಒಂದು, ನಿನ್ನಂಥ ಹೆಸರಿರುವ ಮನುಷ್ಯ ದುಡುಕಬಾರದು, ಚೆನ್ನಾಗಿ ವಿಚಾರ ಮಾಡು. ಇನ್ನೊಂದು, ನಿನ್ನ ಮನೆ ಇಷ್ಟು ಕಾಲ ಆ ಜೈನ ಮುನಿಗಳಿಗೆ ಬಾವಿಯಂತೆ ಇತ್ತು, ಇನ್ನು ಮುಂದೆಯೂ ಅವರು ಬಂದರೆ ಭಿಕ್ಷೆ ಕೊಡಬೇಕು. ಉಪಾಲಿಗೆ ಆಶ್ಚರ್ಯ. ನನಗೆ ಮಾತ್ರ ಕೊಡು, ಬೇರೆಯವರಿಗೆ ಬೇಡ ಅಂತ ಹೇಳುವ ಗುರು ಇವನು ಅಂತ ಜನ ಅವನ ಕಿವಿಗೆ ಹಾಕಿದ್ದರು. ಆಮೇಲೆ ಉಪಾಲಿ ಬಾಗಿಲು ಕಾಯುವವನಿಗೆ ಹೇಳುವುದನ್ನು ಗಮನಿಸಿ. ಜೈನ ಮುನಿಗಳನ್ನು ಇನ್ನು ಒಳಗೆ ಬಿಡಬೇಡ, ಆದರೆ ಅವರಿಗೆ ಊಟ ಬೇಕಾದರೆ ಇಲ್ಲೇ ನಿಲ್ಲಿಸು, ಇಲ್ಲಿಗೇ ತಂದು ಕೊಡುತ್ತಾರೆ. ಮತ ಬದಲಾಯಿತು, ಬಾಗಿಲು ಮುಚ್ಚಿತು, ಊಟ ಮಾತ್ರ ನಿಲ್ಲಲಿಲ್ಲ. ಬಾಗಿಲು ಮುಚ್ಚಿದ್ದು ಸರಿಯಾ ಅಂತ ನಮ್ಮ ಗುಂಪಿನಲ್ಲಿ ಒಂದಿಡೀ ಸಂಜೆ ಚರ್ಚೆ ನಡೆದಿದೆ. ಕೊಪ್ಪಳದವರಿಗೆ ಈ ಕಥೆ ದೂರದ್ದಲ್ಲ. ಈ ಊರು ಕೊಪಣ ಅಂತ ಹೆಸರಾದ ಜೈನರ ದೊಡ್ಡ ತೀರ್ಥ. ಅಶೋಕನ ಶಾಸನ ಇರುವ ಬಂಡೆ ಗವಿಮಠದ ಗುಡ್ಡದಲ್ಲಿದೆ. ಅದೇ ಗವಿಸಿದ್ಧೇಶ್ವರ ಮಠದ ಜಾತ್ರೆಯ ದಾಸೋಹದಲ್ಲಿ ಲಕ್ಷಾಂತರ ಜನ ಉಣ್ಣುತ್ತಾರೆ.

ಇದಕ್ಕೇ ಕೆಲವರು ತಕ್ಷಣ "ನೋಡ್ರಿ, ಎಲ್ಲಾ ಒಂದ ಅಲ್ವಾ" ಅಂತಾರೆ. ಈ ಮಾತು ನನಗೆ ಹಿಡಿಸುವುದಿಲ್ಲ. ಎಲ್ಲಾ ಒಂದೇ ಆಗಿದ್ದರೆ ಸಹನೆಯ ಅಗತ್ಯವೇ ಇರುತ್ತಿರಲಿಲ್ಲ. ಜೈನರು ಆತ್ಮ ಇದೆ ಅಂತಾರೆ, ಬುದ್ಧ ಶಾಶ್ವತವಾದ ಆತ್ಮ ಅಂತ ಒಂದಿಲ್ಲ ಅಂತಾನೆ. ಹಳೆಯ ತಾವೋ ಸಾಧಕರು ಈ ದೇಹವನ್ನೇ ಬಹುಕಾಲ ಉಳಿಸಿಕೊಳ್ಳಲು ಮದ್ದು ಹುಡುಕಿದರು, ಬೌದ್ಧ ಭಿಕ್ಷುಗಳು ದೇಹ ಕೊಳೆಯುವುದನ್ನು ಕಣ್ಣಿಟ್ಟು ನೋಡುವ ಧ್ಯಾನ ಮಾಡಿದರು. ಇವೆಲ್ಲ ಒಂದೇ ಅಂದರೆ ಇಬ್ಬರ ಮಾತನ್ನೂ ಕೇಳಲಿಲ್ಲ ಅಂತಲೇ ಅರ್ಥ.

ಜಗಳ ಯಾವಾಗ ಕೆಡುತ್ತದೆ ಅನ್ನೋದಕ್ಕೆ ಬುದ್ಧನ ಕಾಲದ ಕೋಸಂಬಿ ಅನ್ನುವ ಊರಿನ ಪ್ರಸಂಗ ಇದೆ. ಒಬ್ಬ ಭಿಕ್ಷು ಶೌಚಕ್ಕೆ ಹೋಗಿ ಪಾತ್ರೆಯಲ್ಲಿ ನೀರು ಉಳಿಸಿ ಬಂದ. ಅದು ತಪ್ಪು ಅಂತ ಒಬ್ಬರು, ತಪ್ಪಲ್ಲ ಅಂತ ಇನ್ನೊಬ್ಬರು. ಅಷ್ಟೇ ವಿಷಯ. ಅದು ಬೆಳೆದು ಭಿಕ್ಷುಗಳ ಸಂಘ ಎರಡು ಹೋಳಾಯಿತು, ಕೈಕೈ ಮಿಲಾಯಿಸುವವರೆಗೂ ಹೋಯಿತು. ಸಾಕು ಮಾಡಿ ಅಂತ ಬುದ್ಧನೇ ಬಂದು ಹೇಳಿದ. ನೀವು ಸುಮ್ನೆ ಇರಿ, ಈ ಜಗಳ ನಾವು ನೋಡಿಕೊಳ್ಳುತ್ತೇವೆ ಅಂದುಬಿಟ್ಟರು. ಬುದ್ಧನಿಗೇ! ಅವನು ಎದ್ದು ಕಾಡಿಗೆ ಹೊರಟುಹೋದ. ಕೊನೆಗೆ ಬುದ್ಧಿ ಕಲಿಸಿದ್ದು ಊರಿನ ಜನ. ಇವರಿಂದಾಗಿ ಬುದ್ಧ ನಮ್ಮ ಊರು ಬಿಟ್ಟ ಅಂತ ಆ ಭಿಕ್ಷುಗಳಿಗೆ ನಮಸ್ಕಾರ ನಿಲ್ಲಿಸಿದರು, ಭಿಕ್ಷೆ ನಿಲ್ಲಿಸಿದರು. ಹೊಟ್ಟೆ ಹಸಿದಾಗ ರಾಜಿಯಾದರು.

ಅನ್ನ ನಿಲ್ಲಿಸಬಾರದು ಅಂದವರು ನೀವೇ, ಇಲ್ಲಿ ಅನ್ನ ನಿಲ್ಲಿಸಿದ್ದು ಸರಿ ಹೇಗಾಯಿತು ಅಂತ ನಮ್ಮ ಗುಂಪಿನ ಹುಡುಗಿಯೊಬ್ಬಳು ಕೇಳಿದಳು. ಒಳ್ಳೆಯ ಪ್ರಶ್ನೆ. ನನಗೆ ಕಾಣುವುದು ಹೀಗೆ. ಕೋಸಂಬಿಯ ಜನ ಆ ಭಿಕ್ಷುಗಳ ಅಭಿಪ್ರಾಯಕ್ಕೆ ಶಿಕ್ಷೆ ಕೊಡಲಿಲ್ಲ. ನೀರಿನ ಪಾತ್ರೆ ವಿಷಯದಲ್ಲಿ ಯಾರು ಸರಿ ಅಂತ ಅವರು ತೀರ್ಪು ಕೊಡಲೂ ಇಲ್ಲ. ಎರಡೂ ಕಡೆಯವರಿಗೆ ನಿಲ್ಲಿಸಿದರು. ಒಬ್ಬರಿಗೆ ಬಡಿಸಿ ಇನ್ನೊಬ್ಬರ ತಟ್ಟೆ ಖಾಲಿ ಬಿಟ್ಟಿದ್ದರೆ ಆ ಸಂಘ ಶಾಶ್ವತವಾಗಿ ಒಡೆಯುತ್ತಿತ್ತು. ಅವಳು ಇದನ್ನು ಪೂರ್ತಿ ಒಪ್ಪಿಲ್ಲ.

ಈಗ ಅಶೋಕನ ವಿಷಯ. ನಮ್ಮ ಭಾಗದವರಿಗೆ ಅವನ ಬಗ್ಗೆ ಹೆಮ್ಮೆ ಜಾಸ್ತಿ, ಇರಬೇಕಾದದ್ದೇ. 1915ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಅವನ ಹೆಸರಿನ ಸಮೇತ ಶಾಸನ ಸಿಕ್ಕ ಮೇಲೆಯೇ, ಬೇರೆ ಶಾಸನಗಳಲ್ಲಿ ದೇವಾನಾಂಪ್ರಿಯ ಅಂತ ಬರುವ ರಾಜ ಅಶೋಕ ಅಂತ ಖಚಿತವಾಯಿತು. ಬಳ್ಳಾರಿ ಜಿಲ್ಲೆಯಲ್ಲಿ ನಿಟ್ಟೂರು, ಉಡೇಗೋಳ, ಇಲ್ಲಿ ಕೊಪ್ಪಳದಲ್ಲಿ ಗವಿಮಠ, ಪಾಲ್ಕಿಗುಂಡು, ಎಲ್ಲಾ ಕಡೆ ಅವನ ಶಾಸನ ಇವೆ. ಪಾಲ್ಕಿಗುಂಡಿಗೆ ಹತ್ತಿದರೆ ಬಂಡೆಗಳ ಮೇಲೆ ದೊಡ್ಡ ಹಾಸುಬಂಡೆಯೊಂದು ಪಲ್ಲಕ್ಕಿಯ ಚಾವಣಿಯ ಹಾಗೆ ಕೂತಿದೆ, ಅದರ ನೆರಳಿನಲ್ಲಿ ಅಕ್ಷರಗಳು. ಬಹಳ ಸವೆದಿವೆ. ಓರೆ ಬಿಸಿಲು ಬಿದ್ದಾಗ ಒಂದೊಂದೇ ಗೆರೆ ಎದ್ದು ಕಾಣುತ್ತದೆ. ದೊಡ್ಡವರಷ್ಟೇ ಅಲ್ಲ, ಸಣ್ಣವರೂ ಪ್ರಯತ್ನಪಟ್ಟರೆ ಈ ದಾರಿಯಲ್ಲಿ ಮೇಲೇರಬಹುದು ಅನ್ನುವುದು ಇಲ್ಲಿನ ಶಾಸನದ ಸಾರ.

ಆದರೆ ಸಹನೆಯ ಬಗ್ಗೆ ಅವನು ಹೇಳಿದ್ದು ಇಲ್ಲಿಲ್ಲ, ಹನ್ನೆರಡನೇ ಶಿಲಾಶಾಸನದಲ್ಲಿದೆ. ಅದು ಕಲಬುರಗಿ ಜಿಲ್ಲೆಯ ಸನ್ನತಿಯಲ್ಲೂ ಸಿಕ್ಕಿದೆ, ಗುಡಿಯಲ್ಲಿ ದೇವಿಯ ಮೂರ್ತಿಯ ಪೀಠಕ್ಕೆ ಬಳಸಿದ್ದ ಕಲ್ಲಿನ ಮೇಲೆ. ನಾಲಿಗೆ ಹಿಡಿತದಲ್ಲಿರಲಿ ಅನ್ನುತ್ತಾನೆ. ಕಾರಣ ಇಲ್ಲದೆ ನಿನ್ನ ಪಂಥ ಹೊಗಳಬೇಡ, ಬೇರೆಯವರದ್ದನ್ನು ತೆಗಳಬೇಡ, ಕಾರಣ ಇದ್ದರೂ ಮಾತು ಮೃದುವಾಗಿರಲಿ. ಪರರದ್ದನ್ನು ತುಳಿದು ತನ್ನದನ್ನು ಎತ್ತಲು ಹೋದವನು ತನ್ನ ಪಂಥಕ್ಕೇ ಹಾನಿ ಮಾಡುತ್ತಾನೆ. ಒಬ್ಬರ ಧರ್ಮವನ್ನು ಒಬ್ಬರು ಕೇಳಿ. ಇಲ್ಲಿ ಟೀಕೆಗೆ ಜಾಗ ಇದೆ ನೋಡಿ. ಕಾರಣ ಇದ್ದಾಗ ಮಾಡಬಹುದು, ಹದವಾಗಿ.

ಇದೇ ಅಶೋಕ ಸಾಂಚಿ, ಸಾರನಾಥ, ಕೋಸಂಬಿಯ ಭಿಕ್ಷುಗಳ ವಿಷಯದಲ್ಲಿ ಹೊರಡಿಸಿದ ಆಜ್ಞೆ ಬೇರೆ. ಸಂಘ ಒಡೆಯುವ ಭಿಕ್ಷುವಾಗಲಿ ಭಿಕ್ಷುಣಿಯಾಗಲಿ ಕಾವಿ ಬಿಚ್ಚಿಸಿ, ಗೃಹಸ್ಥರ ಬಿಳಿ ಬಟ್ಟೆ ಉಡಿಸಿ ಹೊರಗೆ ಇಡಬೇಕು. ಹೊರಗಿನ ಪಂಥಗಳ ಬಗ್ಗೆ ಅಷ್ಟು ಸಹನೆ, ತನ್ನದೇ ಮನೆಯಲ್ಲಿ ಒಡಕು ಕಂಡರೆ ಇಷ್ಟು ಬಿಗಿ. ನನಗೆ ಎರಡನೆಯದು ಇಷ್ಟವಾಗುವುದಿಲ್ಲ. ಹತ್ತಿರದವರ ಭಿನ್ನಾಭಿಪ್ರಾಯ ತಡೆದುಕೊಳ್ಳುವುದೇ ಕಷ್ಟ. ಬೇರೆ ಧರ್ಮದವರ ಮನೆ ಪಾಯಸ ಎಲ್ಲರೂ ಖುಷಿಯಿಂದ ಕುಡಿಯುತ್ತಾರೆ, ತಮ್ಮದೇ ಧರ್ಮದಲ್ಲಿ ಬೇರೆ ಥರ ಧ್ಯಾನ ಮಾಡುವವನನ್ನು ಕಂಡರೆ ಮೈ ಉರಿಯುತ್ತದೆ. ಅದಕ್ಕಿಂತ ದೊಡ್ಡ ತೊಂದರೆ, ಆ ಆಜ್ಞೆ ಅರಮನೆಯಿಂದ ಬಂತು ಅನ್ನುವುದು.

ಅರಮನೆ ನಡುವೆ ಬಂದರೆ ಏನಾಗುತ್ತದೆ ಅಂತ ಚೀನಾದಲ್ಲಿ ಬೌದ್ಧರೂ ತಾವೋ ಪಂಥದವರೂ ಚೆನ್ನಾಗಿ ಅನುಭವಿಸಿದ್ದಾರೆ. ಲಾವೋತ್ಸೆ ಪಶ್ಚಿಮಕ್ಕೆ ಹೋಗಿ ಅನಾಗರಿಕರಿಗೆ ಬೋಧನೆ ಮಾಡಿದ, ಅದೇ ಬೌದ್ಧ ಧರ್ಮವಾಯಿತು ಅಂತ ತಾವೋ ಪಂಥದವರು ಒಂದು ಗ್ರಂಥ ಕಟ್ಟಿದರು. ಇಲ್ಲ, ಲಾವೋತ್ಸೆಯೇ ನಮ್ಮ ಬುದ್ಧನ ಶಿಷ್ಯ, ಮಹಾಕಾಶ್ಯಪ ಅಂದರೆ ಅವನೇ ಅಂತ ಬೌದ್ಧರು ತಿರುಗಿ ಕಥೆ ಕಟ್ಟಿದರು. ಕಥೆಗೆ ಕಥೆ, ಅಷ್ಟರಿಂದಲೇ ಯಾರ ಪ್ರಾಣಕ್ಕೂ ಸಂಚಕಾರ ಇಲ್ಲ. ಆದರೆ 845ರಲ್ಲಿ ತಾವೋ ಕಡೆ ವಾಲಿದ್ದ ತಾಂಗ್ ಚಕ್ರವರ್ತಿ ವೂತ್ಸುಂಗ್ 4,600ಕ್ಕೂ ಹೆಚ್ಚು ಬೌದ್ಧ ವಿಹಾರ ಕೆಡವಿಸಿದ, 2,60,500 ಭಿಕ್ಷು, ಭಿಕ್ಷುಣಿಯರ ಕಾವಿ ಬಿಚ್ಚಿಸಿದ. ವಿಹಾರಗಳ ಭೂಮಿ, ಕಂಚು, ತೆರಿಗೆ ಕಟ್ಟದ ಜನ, ಇವುಗಳ ಮೇಲೂ ಅವನ ಕಣ್ಣಿತ್ತು. ಮುಂದೆ ಬೌದ್ಧರ ಸರದಿ ಬಂತು. 1258ರಲ್ಲಿ ಕುಬ್ಲಾಯ್ ಖಾನನ ಮುಂದೆ ಎರಡೂ ಕಡೆಯವರ ವಾದ ನಡೆಯಿತು, ಸೋತ 17 ಜನ ತಾವೋ ಸಾಧಕರ ತಲೆ ಬೋಳಿಸಿದರು. 1281ರಲ್ಲಿ ಲಾವೋತ್ಸೆಯ ಒಂದು ಗ್ರಂಥ ಬಿಟ್ಟು ಉಳಿದ ತಾವೋ ಪುಸ್ತಕ ಸುಡಲು ಅಪ್ಪಣೆಯಾಯಿತು. ಅವತ್ತಿನ ವಾದದಲ್ಲಿ ಬೌದ್ಧರು ಗೆದ್ದರು ಅಂತ ಸಂತೋಷಪಡುವವರನ್ನು ನೋಡಿದ್ದೇನೆ, ನನಗೆ ಅದರಲ್ಲಿ ಸಂತೋಷಪಡುವಂಥದ್ದು ಏನೂ ಕಾಣುವುದಿಲ್ಲ.

ನಮ್ಮ ರಾಜ್ಯದಲ್ಲೇ ವಾದವನ್ನು ವಿದ್ಯೆಯಾಗಿ ಕಲಿಸುವ ಜಾಗ ಇದೆ. ಗದಗ, ಹುಬ್ಬಳ್ಳಿ ದಾಟಿ ಮುಂಡಗೋಡಕ್ಕೆ ಹೋಗಿ. 1966ರಲ್ಲಿ ಶುರುವಾದ ಟಿಬೆಟಿಯನ್ ಕ್ಯಾಂಪಿನಲ್ಲಿ ದ್ರೆಪುಂಗ್ ಮಠ ಇದೆ. ಅಂಗಳದಲ್ಲಿ ಉತ್ತರ ಕೊಡುವವನು ನೆಲದ ಮೇಲೆ ಕೂತಿರುತ್ತಾನೆ, ಪ್ರಶ್ನೆ ಕೇಳುವವನು ನಿಂತಿರುತ್ತಾನೆ. ಪ್ರಶ್ನೆ ಮುಗಿಯುವಾಗ ಎಡಗಾಲು ನೆಲಕ್ಕೆ ಬಡಿದು, ಬಲಗೈ ಎಡಗೈಗೆ ಚಟಾರನೆ ಹೊಡೆಯುತ್ತಾನೆ. ಕೂತವನು ಮನಸ್ಸಿಗೆ ಬಂದದ್ದು ಹೇಳುವಂತಿಲ್ಲ. ಒಪ್ಪಿದೆ, ಕಾರಣ ಸಿದ್ಧವಾಗಿಲ್ಲ, ಈ ಕಾರಣದಿಂದ ಆ ಮಾತು ಬರುವುದಿಲ್ಲ, ಹೀಗೆ ಕೆಲವೇ ಉತ್ತರಗಳು. ನೋಡಿದವರಿಗೆ ಈಗ ಹೊಡೆದಾಟವೇ ಆಗುತ್ತದೆ ಅನ್ನಿಸಬೇಕು. ಅದೇ ಮಠದ ಲೋಸೆಲಿಂಗ್ ಮತ್ತು ಗೋಮಾಂಗ್ ವಿದ್ಯಾಲಯಗಳಿಗೆ ಪಠ್ಯಪುಸ್ತಕವೇ ಬೇರೆ ಬೇರೆ, ಸೂಕ್ಷ್ಮ ವಿಷಯಗಳಲ್ಲಿ ಎರಡೂ ಒಪ್ಪುವುದಿಲ್ಲ. ಶತಮಾನಗಳಿಂದ ಒಪ್ಪಿಲ್ಲ. ಮಠ ಒಂದೇ. ಹಾಗಂತ ಅಲ್ಲಿ ಒಡಕೇ ಇಲ್ಲ ಅಂತಲ್ಲ. ಶುಗ್ದೆನ್ ಅನ್ನುವ ದೇವತೆಯ ಆರಾಧನೆ ಬೇಕೋ ಬೇಡವೋ ಅನ್ನುವ ವಿಷಯಕ್ಕೆ 2008ರಲ್ಲಿ ಮುಂಡಗೋಡದ ಗಂದೆನ್ ಮಠದ ಭಿಕ್ಷುಗಳಲ್ಲೇ ಒಂದು ಗುಂಪು ಬೇರೆಯಾಯಿತು. ತರ್ಕದ ಅಂಗಳದಲ್ಲಿ ಇಷ್ಟು ಪಳಗಿದವರಿಗೂ ಭಿನ್ನಾಭಿಪ್ರಾಯ ಇಟ್ಟುಕೊಂಡು ಒಟ್ಟಿಗಿರುವುದು ದಕ್ಕಲಿಲ್ಲ. ಇದು ನನಗೆ ನೋವಿನ ವಿಷಯ.

ನಮ್ಮ ಬ್ಯಾಂಕಿನ ಗೆಳೆಯರು ಇಂಥ ಹೊತ್ತಿನಲ್ಲಿ, ಸಂತ ಕೆಲಸ ಮಾಡುತ್ತಾನೆ, ಜಗಳಾಡುವುದಿಲ್ಲ ಅನ್ನುವ ಲಾವೋತ್ಸೆಯ ಮಾತು ನೆನಪಿಸುತ್ತಾರೆ. ನಾನು ಅವರಿಗೆ ಇನ್ನೊಬ್ಬ ತಾವೋ ಗುರು ಚುವಾಂಗ್‌ತ್ಸೆಯನ್ನು ನೆನಪಿಸುತ್ತೇನೆ. ಅವನು ವಾದದ ಬಗ್ಗೆ ಬರೆದದ್ದು ತೀಕ್ಷ್ಣವಾಗಿದೆ. ನೀನು ನಾನು ವಾದ ಮಾಡಿದೆವು, ನೀನು ಗೆದ್ದೆ, ಹಾಗಂತ ನೀನು ಸರಿಯಾ? ಮೂರನೆಯವನನ್ನು ಕರೆದರೆ ಅವನು ನಿನ್ನ ಕಡೆ ಇರುತ್ತಾನೆ ಅಥವಾ ನನ್ನ ಕಡೆ, ಅವನ ತೀರ್ಪು ಹೇಗೆ ಒಪ್ಪುವುದು? ಇಷ್ಟು ಬರೆದವನು ಜೀವನವಿಡೀ ಹುಯ್‌ತ್ಸೆ ಅನ್ನುವ ತರ್ಕಪಂಡಿತನ ಜೊತೆ ವಾದ ಮಾಡಿದ. ಹೊಳೆಯ ಸೇತುವೆ ಮೇಲೆ ನಿಂತು ಚುವಾಂಗ್‌ತ್ಸೆ, ನೋಡು ಮೀನು ಎಷ್ಟು ಖುಷಿಯಾಗಿವೆ ಅಂದರೆ, ನೀನು ಮೀನಲ್ಲ, ನಿನಗೆ ಹೇಗೆ ಗೊತ್ತು ಅಂತ ಹುಯ್‌ತ್ಸೆ. ನೀನು ನಾನಲ್ಲ, ನನಗೆ ಗೊತ್ತಿಲ್ಲ ಅಂತ ನಿನಗೆ ಹೇಗೆ ಗೊತ್ತು ಅಂತ ಇವನು.

ಹುಯ್‌ತ್ಸೆ ತೀರಿಕೊಂಡ ಮೇಲೆ ಒಮ್ಮೆ ಚುವಾಂಗ್‌ತ್ಸೆ ಅವನ ಸಮಾಧಿಯ ಬಳಿ ಹಾದುಹೋಗುತ್ತಾ ಜೊತೆಯವರಿಗೆ ಒಂದು ಕಥೆ ಹೇಳುತ್ತಾನೆ. ಒಬ್ಬನ ಮೂಗಿನ ತುದಿಗೆ ನೊಣದ ರೆಕ್ಕೆಯಷ್ಟು ತೆಳ್ಳಗೆ ಗಾರೆ ಅಂಟಿತ್ತು. ಬಡಗಿ ಶಿ ಕೊಡಲಿ ಬೀಸಿ ಗಾರೆಯನ್ನಷ್ಟೇ ಹಾರಿಸಿದ, ಮೂಗಿಗೆ ಏನೂ ಆಗಲಿಲ್ಲ, ನಿಂತವನು ಕದಲಲೂ ಇಲ್ಲ. ಇದನ್ನು ಕೇಳಿದ ದೊರೆ ಬಡಗಿಯನ್ನು ಕರೆಸಿ ನನ್ನ ಮುಂದೆ ಮಾಡಿ ತೋರಿಸು ಅಂದ. ಬಡಗಿ ಹೇಳಿದ, ಮೊದಲು ಮಾಡುತ್ತಿದ್ದೆ, ಆದರೆ ನನ್ನ ಎದುರು ನಿಲ್ಲುತ್ತಿದ್ದವನು ಸತ್ತುಹೋದ. ಚುವಾಂಗ್‌ತ್ಸೆ ಹೇಳುತ್ತಾನೆ, ಹುಯ್‌ತ್ಸೆ ಹೋದ ಮೇಲೆ ನನಗೂ ಮಾತಾಡಲು ಯಾರೂ ಇಲ್ಲ.

ಭಿನ್ನಾಭಿಪ್ರಾಯದ ಬಗ್ಗೆ ಇದಕ್ಕಿಂತ ಪ್ರೀತಿಯ ಮಾತು ನಾನು ಎಲ್ಲೂ ಓದಿಲ್ಲ. ಕೊಡಲಿ ಬೀಸುವವನ ಕೈ ಎಷ್ಟು ಮುಖ್ಯವೋ, ಎದುರು ನಿಂತವನ ನಂಬಿಕೆಯೂ ಅಷ್ಟೇ ಮುಖ್ಯ.

ಹಾಗಾದರೆ ಎಲ್ಲವನ್ನೂ ಸಹಿಸಬೇಕಾ ಅಂತ ಮುಂದಿನ ಪ್ರಶ್ನೆ ಬರುತ್ತದೆ. ಬೇಡ. ಆತ್ಮ, ಪುನರ್ಜನ್ಮ, ಶೂನ್ಯ, ಇವುಗಳ ಬಗ್ಗೆ ಎಷ್ಟು ಬೇಕಾದರೂ ಬೇರೆಬೇರೆ ಮಾತಾಡೋಣ. ಜಾತಿ ಅಂಥ ಅಭಿಪ್ರಾಯದ ಸಾಲಿಗೆ ಸೇರಿದ್ದಲ್ಲ. ನಮ್ಮ ಜಿಲ್ಲೆಯ ಮರಕುಂಬಿಯಲ್ಲಿ 2014ರಲ್ಲಿ ದಲಿತರ ಮೇಲೆ ಹಲ್ಲೆ ಮಾಡಿ ಗುಡಿಸಲಿಗೆ ಬೆಂಕಿ ಇಟ್ಟ ಪ್ರಕರಣ ನಡೆಯಿತು. 2024ರ ಅಕ್ಟೋಬರ್‌ನಲ್ಲಿ ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಹೋಟೆಲಿನಲ್ಲಿ ಬೇರೆ ಲೋಟ ಇಡುವವನ ಜೊತೆ ನಾನು ತತ್ವದ ಚರ್ಚೆಗೆ ಕೂರುವುದಿಲ್ಲ. ಅನ್ನದ ಬಾಗಿಲು ಮೊದಲು ಮುಚ್ಚಿದವನು ಅವನು.

ಅಂಬೇಡ್ಕರ್ ಬುದ್ಧನ ಕಥೆಯನ್ನೇ ಬೇರೆ ಥರ ಹೇಳಿದ್ದು ಈ ಕಾರಣಕ್ಕೆ ನನಗೆ ದೊಡ್ಡದಾಗಿ ಕಾಣುತ್ತದೆ. ಮುದುಕ, ರೋಗಿ, ಹೆಣ ನೋಡಿ ಮನೆ ಬಿಟ್ಟ ಅನ್ನುವುದನ್ನು ಅವರು ಒಪ್ಪಲಿಲ್ಲ. ರೋಹಿಣಿ ನದಿಯ ನೀರಿಗಾಗಿ ಶಾಕ್ಯರು ಕೋಲಿಯರ ಮೇಲೆ ಯುದ್ಧಕ್ಕೆ ಹೊರಟರು, ಸಿದ್ಧಾರ್ಥ ಶಾಕ್ಯ ಸಂಘದ ಸಭೆಯಲ್ಲಿ ಎದ್ದು ಬೇಡ ಅಂದ, ಬಹುಮತ ಅವನ ವಿರುದ್ಧ ಹೋಯಿತು, ಅದಕ್ಕೇ ಮನೆ ಬಿಟ್ಟ ಅಂತ ಬರೆದರು. ಮಾನ್ವಿ ಕಡೆಯ ನಮ್ಮ ರೈತ ಗೆಳೆಯನಿಗೆ ಇದನ್ನು ವಿವರಿಸಬೇಕಾಗಲಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದಲ್ಲಿ ಅವನ ಹೊಲ. ಮೇಲ್ಭಾಗದವರು ನೀರು ಎಳೆದುಕೊಂಡರೆ ಏನಾಗುತ್ತದೆ ಅಂತ ಅವನಿಗೆ ಗೊತ್ತು. "ಬರೇ ಹೆಣಾ ನೋಡಿ ಮನಿ ಬಿಟ್ಟ ಅಂದ್ರ ನಾ ನಂಬಂಗಿಲ್ಲ, ನೀರಿನ ಜಗಳ ಅಂದ್ರ ನಂಬ್ತೀನಿ" ಅಂದ. ವಿಪಶ್ಯನದವರು ಹಳೆಯ ಕಥೆಯೇ ಸರಿ ಅಂತಾರೆ. ಈ ವಾದವೂ ನಡೆದೇ ಇದೆ.

ನಮ್ಮಲ್ಲಿ ಅತಿ ಹೆಚ್ಚು ಬಿಸಿ ಏರುವುದು 22 ಪ್ರತಿಜ್ಞೆಗಳ ಮೇಲೆ. 1956ರ ಅಕ್ಟೋಬರ್ 14ರಂದು ಅಂಬೇಡ್ಕರ್ ನಾಗಪುರದಲ್ಲಿ ಬೌದ್ಧ ದೀಕ್ಷೆ ತೆಗೆದುಕೊಂಡಾಗ ಅನುಯಾಯಿಗಳಿಗೆ ಬೋಧಿಸಿದ ಪ್ರತಿಜ್ಞೆಗಳು ಅವು. ಹಿಂದೂ ದೇವರುಗಳನ್ನು ಪೂಜಿಸುವುದಿಲ್ಲ ಅಂತ ಅದರಲ್ಲಿ ಸ್ಪಷ್ಟವಾಗಿದೆ. ನಮ್ಮ ಗುಂಪಿನ ಅಕ್ಕ ಒಬ್ಬರು ದಿನಾ ಬೆಳಿಗ್ಗೆ ಧ್ಯಾನಕ್ಕೆ ಕೂರುತ್ತಾರೆ, ಹುಲಿಗೆಮ್ಮನ ಜಾತ್ರೆಯನ್ನೂ ಬಿಡುವುದಿಲ್ಲ. ದೀಕ್ಷೆ ತೆಗೆದುಕೊಂಡ ತಮ್ಮ ಒಬ್ಬನಿದ್ದಾನೆ, ಅವನು ಮುಖಕ್ಕೆ ಹೇಳುತ್ತಾನೆ: "ಅಕ್ಕಾ, ಎರಡು ದೋಣಿ ಮ್ಯಾಲೆ ಕಾಲು ಇಡಬ್ಯಾಡ." ಅಕ್ಕನೂ ಬಿಡುವುದಿಲ್ಲ: "ನಮ್ಮವ್ವನ ಕಾಲದಿಂದ ಬಂದಾಕಿನ್ನ ಹೆಂಗ ಬಿಡ್ಲಿ ಹೇಳಪಾ." ಹಬ್ಬದ ದಿನ ಅವರ ಮನೆಯಲ್ಲಿ ಎಲ್ಲರಿಗೂ ಊಟ. ಎಡೆಗೆ ಇಟ್ಟದ್ದನ್ನು ಇವನು ತಿನ್ನುವುದಿಲ್ಲ ಅಂತ ಅಕ್ಕನಿಗೆ ಗೊತ್ತು, ನೈವೇದ್ಯಕ್ಕೆ ಮುಂಚೆಯೇ ಹೋಳಿಗೆ, ಕಟ್ಟಿನ ಸಾರು ಬೇರೆ ಡಬ್ಬಿಗೆ ತೆಗೆದಿಡುತ್ತಾರೆ. ಅವನು ಬಂದು ಉಣ್ಣುತ್ತಾನೆ. ಕೈ ತೊಳೆದುಕೊಂಡು ಬಂದ ಮೇಲೆ ಮತ್ತೆ ಮೂರನೇ ಪ್ರತಿಜ್ಞೆಯಿಂದ ಶುರು ಮಾಡುತ್ತಾನೆ.